ಇಂಜಿನ್ ಉಸಿರೆಳೆಯುವ ಹೊತ್ತು

ಫೆಬ್ರವರಿ 10, ಸೋಮವಾರ

ತಲೆ ಬಗ್ಗಿಸುವ ಹಾಗಿಲ್ಲ. ಅದಕ್ಕೇ ಇದನ್ನು ನಿಂತುಕೊಂಡು ಬರೆಯುತ್ತಿದ್ದೇನೆ, ಫ್ರಿಜ್ಜಿನ ಮೇಲೆ ಪುಸ್ತಕ ಇಟ್ಟು. ಗದ್ದದಿಂದ ಎದೆಯವರೆಗೆ ಪ್ಲಾಸ್ಟಿಕ್ ಕಾಲರು. ಅಮ್ಮ ಬಂದು ನೋಡಿ, "ಏನೇ ಅದು, ಫ್ರಿಜ್ಜಿಗೆ ಪಾಠ ಹೇಳ್ಕೊಡ್ತಾ ಇದೀಯಾ?" ಅಂದಳು. ನಗಲು ಹೋದೆ, ಕತ್ತು ಬೇಡ ಅಂತು.

ಇವತ್ತು ಆಸ್ಪತ್ರೆಯಿಂದ ಬಂದೆ. ಆದದ್ದನ್ನು ಒಂದು ಸಲ ಬರೆದು ಮುಗಿಸಿಬಿಡುತ್ತೇನೆ, ಬಂದವರಿಗೆಲ್ಲ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅಭ್ಯಾಸದ ಓಟ. ಸಮುದ್ರ ಒರಟಾಗಿತ್ತು. ಸ್ಟೀರಿಂಗ್ ನನ್ನ ಕೈಯಲ್ಲಿ, ಪಕ್ಕದ ಸೀಟಿನಲ್ಲಿ ಜೊತೆಗಾರ, ಸದಾ ಗೊಣಗುವ ನಮ್ಮ ಗೊಣಗಪ್ಪ, ವೇಗದ ಲಿವರುಗಳು ಅವನ ಕೈಯಲ್ಲಿ. ನಮ್ಮ ರೇಸ್ ಬೋಟುಗಳೇ ಹಾಗೆ, ದಾರಿ ಒಬ್ಬರದು, ವೇಗ ಇನ್ನೊಬ್ಬರದು. ದೊಡ್ಡ ಅಲೆಯೊಂದನ್ನು ಹತ್ತಿ ಹಾರಿದೆವು. ಇಳಿಯುವಾಗ ಬೋಟು ಮೂತಿ ಮುಂದಾಗಿ ಇಳಿದು ಎದುರಿನ ಅಲೆಯೊಳಕ್ಕೆ ನುಗ್ಗಿತು. ಗೋಡೆಗೆ ಗುದ್ದಿದ ಹಾಗೆ ನಿಂತುಬಿಟ್ಟಿತು. ಗೊಣಗಪ್ಪನ ತುಟಿ ಹರಿಯಿತು. ನನ್ನ ಕತ್ತಿನ ಎರಡು ಮೂಳೆ ಬಿರುಕು ಬಿಟ್ಟವು.

ಕೈಕಾಲು ಆಡುತ್ತಿವೆ. "ಮೊದಲು ಮೂಳೆ ಕೂಡಲಿ, ಸ್ಟೀರಿಂಗ್ ಮಾತು ಆಮೇಲೆ," ಅಂದರು ಡಾಕ್ಟರು.

ದ್ವೀಪ ಸುತ್ತಿ ಬರುವ ದೊಡ್ಡ ಸ್ಪರ್ಧೆ ಮೇ ಕೊನೆಯಲ್ಲಿ. ನನ್ನ ಜಾಗದಲ್ಲಿ ತಂಗಿ ಕೂರುತ್ತಾಳಂತೆ. ಬೋಟಿನ ಯಜಮಾನರು ಅವಳಿಗೆ ಹೇಳಿಯೂ ಆಗಿದೆ. ನನಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಯಿತು.

ನನ್ನ ಸೀಟು ಅದು. ನನ್ನ ಮೈಯ ಅಚ್ಚಿಗೆ ಫೋಮ್ ಸುರಿದು ಮಾಡಿದ್ದು.

ಫೆಬ್ರವರಿ 14, ಶುಕ್ರವಾರ

ಏನೂ ಇಲ್ಲ. ಛಾವಣಿ ನೋಡಿದೆ. ಫ್ಯಾನಿಗೆ ಮೂರು ರೆಕ್ಕೆ.

ಫೆಬ್ರವರಿ 19, ಬುಧವಾರ

ಅಮ್ಮ ತಲೆ ತೊಳೆದಳು. ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಹೆಗಲಿಗೆ ಪ್ಲಾಸ್ಟಿಕ್ ಹೊದಿಸಿ, ಗಿಡಕ್ಕೆ ನೀರು ಹಾಕುವ ಕ್ಯಾನಿನಿಂದ. "ಚಿಕ್ಕವಳಿದ್ದಾಗಲೂ ಹೀಗೇ ಗಲಾಟೆ ಮಾಡ್ತಿದ್ದೆ," ಅಂದಳು. ಗಲಾಟೆ ಎಲ್ಲಿ ಮಾಡಿದೆ, ಬಾಯಿ ತೆರೆದರೆ ನೊರೆ.

ಸಂಜೆ ತಂಗಿ ಬಂದಳು. ನಾನು ಮುಖ ಊದಿಸಿಕೊಂಡೇ ಇದ್ದೆ. ಆದರೆ ಈ ಕಾಲರಿನಲ್ಲಿ ಮುಖ ಊದಿಸಿಕೊಂಡರೂ ಯಾರಿಗೂ ಗೊತ್ತಾಗುವುದಿಲ್ಲ, ಅದೇ ಬೇಜಾರು. ಅವಳು ಫೋನನ್ನು ನನ್ನ ಕಿವಿಗೆ ಹಿಡಿದಳು. ಇಂಜಿನ್ ಸದ್ದು.

"ಬೋಟು ರಿಪೇರಿ ಆಗಿ ಇವತ್ತು ನೀರಿಗಿಳಿಸಿದ್ವಿ. ಎಡಗಡೆ ಇಂಜಿನ್ ಸದ್ದು ಬೇರೆ ಥರ ಇಲ್ವಾ ಅಕ್ಕಾ?"

"ಈಗ ಓಡಿಸೋಳು ನೀನಲ್ವಾ? ನಿನಗೇ ಗೊತ್ತಿರಬೇಕು."

ಅವಳು ಫೋನನ್ನು ಜೇಬಿಗೆ ಹಾಕಿಕೊಂಡು ಅಮ್ಮನ ಜೊತೆ ಪಾತ್ರೆ ತೊಳೆಯಲು ಹೋದಳು. ಅಲ್ಲಿಂದಲೇ, ನನಗೆ ಕೇಳಲಿ ಅಂತ ಗಟ್ಟಿಯಾಗಿ ಅಮ್ಮನಿಗೆ ಹೇಳಿದಳು, "ಈ ಸಲಾನೂ ಪೆಟ್ರೋಲ್ ಬೋಟುಗಳ ಬಾಲ ಹಿಡ್ಕೊಂಡು ಬಂದ್ರೆ ಡೀಸೆಲ್ ಇಂಜಿನ್ ಎರಡನ್ನೂ ಕಿತ್ತು ಮಾರ್ತಾರಂತಮ್ಮ ಯಜಮಾನ್ರು. ಶೆಡ್ಡೂ ಮುಚ್ಚಿಸ್ತಾರಂತೆ."

ಡೀಸೆಲ್ ಬೋಟು ಅಂದರೆ ಎಲ್ಲರಿಗೂ ತಮಾಷೆ. ಲಾರಿ ಅನ್ನುತ್ತಾರೆ. ಆದರೆ ದ್ವೀಪದ ಓಟ ಉದ್ದದ್ದು. ಪೆಟ್ರೋಲಿನವರು ನಡುವೆ ನಿಂತು ಟ್ಯಾಂಕು ತುಂಬಿಸಿಕೊಳ್ಳಬೇಕು, ನಮ್ಮದು ಒಂದೇ ಉಸಿರಿಗೆ ಹೋಗಿ ಬರುತ್ತದೆ. ಬೆಂಕಿಯ ಭಯವೂ ಕಡಿಮೆ. ನನಗೆ ಆ ಲಾರಿಯೇ ಇಷ್ಟ.

ಅವಳು ಹೋದ ಮೇಲೂ ಆ ಸದ್ದು ತಲೆಯಲ್ಲೇ ಇದೆ. ಎಡ ಇಂಜಿನ್ ಬೇರೆ ಥರ ಇದ್ದದ್ದು ನಿಜ. ದೊಡ್ಡ ಶಿಳ್ಳೆಯ ಕೆಳಗೆ ಇನ್ನೊಂದು ಸಣ್ಣ ಶಿಳ್ಳೆ. ಏನದು?

ಫೆಬ್ರವರಿ 26, ಬುಧವಾರ

ಶೆಡ್ಡಿಗೆ ಹೋಗಿದ್ದೆ. ಅಮ್ಮ ಬೈದಳು, ಆಮೇಲೆ ತಾನೇ ಟ್ಯಾಕ್ಸಿ ಕರೆದಳು.

ಅದೇ ತಗಡಿನ ಛಾವಣಿ, ಅದೇ ಗ್ರೀಸಿನ ವಾಸನೆ, ಗೋಡೆಯ ಮೇಲೆ ಸಣ್ಣದರಿಂದ ದೊಡ್ಡದರವರೆಗೆ ನೇತುಹಾಕಿದ ಸ್ಪ್ಯಾನರುಗಳು. ಬೋಟು ಕಬ್ಬಿಣದ ತೊಟ್ಟಿಲ ಮೇಲೆ ಕೂತಿತ್ತು, ಮೂತಿಗೆ ಹೊಸ ಬಣ್ಣ. ಸೀಟಿಗೆ ಹೊಸ ಫೋಮ್ ಸುರಿದಿದ್ದಾರೆ, ತಂಗಿಯ ಅಳತೆಗೆ. ನನ್ನ ಹಳೆಯ ಫೋಮ್ ಮೂಲೆಯಲ್ಲಿ, ಪೇಂಟಿನ ಡಬ್ಬಗಳ ಹಿಂದೆ. ನನ್ನ ಬೆನ್ನು ಹೊರಗಿನಿಂದ ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ. ನೋಡಲಾಗಲಿಲ್ಲ. ಕಣ್ಣು ತಿರುಗಿಸಿದೆ, ಕತ್ತು ತಿರುಗಿಸಲು ಬರುವುದಿಲ್ಲವಲ್ಲ.

ನಮ್ಮ ಇಂಜಿನಿಯರಿಗೆ ಎಲ್ಲರೂ ಹಿಂದಿನಿಂದ ಚಾಳೀಸು ಅನ್ನುತ್ತೇವೆ, ಕನ್ನಡಕ ಸದಾ ಮೂಗಿನ ತುದಿಯಲ್ಲಿ. ನನ್ನನ್ನು ನೋಡಿ ಎದ್ದು ನಿಂತರು.

"ಸಾರ್, ಎಡ ಇಂಜಿನ್ನಲ್ಲಿ ಸಣ್ಣ ಶಿಳ್ಳೆ ಬರ್ತಾ ಇತ್ತಲ್ಲ?"

"ಸಿಕ್ತು. ಗಾಳಿ ಪೈಪಿನ ಪಟ್ಟಿ ಸಡಿಲ. ಗಾಳಿ ಸೋರ್ತಾ ಇತ್ತು." ಆಮೇಲೆ, "ನಿಮಗೆ ಯಾರು ಹೇಳಿದ್ರು?" ಅಂದರು.

ತಂಗಿ ಅಲ್ಲೇ ಇದ್ದಳು. ನಾನು ಗೋಡೆಯ ಸ್ಪ್ಯಾನರುಗಳನ್ನು ಎಣಿಸಿದೆ. ಅವಳು ತನ್ನ ಫೋನು ನೋಡಿಕೊಂಡಳು.

ಇಂಜಿನ್ ಇರುವುದು ಬೋಟಿನ ಹಿಂಭಾಗದ ಗುಂಡಿಯಲ್ಲಿ, ನನಗೆ ಬಗ್ಗಲು ಬರುವುದಿಲ್ಲ. ಅವರು ಒಂದು ಕನ್ನಡಿ ತಂದು ಓರೆಯಾಗಿ ಹಿಡಿದರು. ಎಡ ಬಲ ಅದಲುಬದಲಾಗಿ ಕಂಡಿತು. ಇಷ್ಟು ವರ್ಷ ಅದರ ಮುಂದೆ ಕೂತು ಓಡಿಸಿದ್ದೇನೆ, ಇಷ್ಟು ಹೊತ್ತು ನಿಂತು ನೋಡಿದ್ದು ಇವತ್ತೇ ಮೊದಲು.

ವೇಗ ಬೇಕಾದರೆ ಡೀಸೆಲ್ ಹೆಚ್ಚು ಸುರಿದರೆ ಆಯಿತಲ್ಲ ಅಂದುಕೊಂಡಿದ್ದೆ. ಅವರು ಸುರಿದು ತೋರಿಸಿದರು. ಇಂಜಿನ್ ಕಪ್ಪಗೆ ಕೆಮ್ಮಿತು. "ನೋಡಿ, ಇದು ಉರಿಯದೆ ಹೋದ ಡೀಸೆಲ್. ಊಟ ಬಡಿಸಿದೀವಿ, ಉಸಿರಾಡೋಕೆ ಬಿಟ್ಟಿಲ್ಲ. ಡೀಸೆಲ್ ಇಂಜಿನ್ನಿನ ಶಕ್ತಿ ಅಂದ್ರೆ ಗಾಳಿ. ಎಷ್ಟು ಗಾಳಿ ತುಂಬ್ತೀರೋ ಅಷ್ಟು ಡೀಸೆಲ್ ಉರಿಸಬಹುದು."

ಗಾಳಿ ತುಂಬುವುದು ಟರ್ಬೊ. ಇಂಜಿನ್ ಬಿಟ್ಟ ಹೊಗೆಯ ರಭಸಕ್ಕೇ ಒಂದು ಚಕ್ರ ತಿರುಗುತ್ತದೆ, ಅದು ಇನ್ನೊಂದು ಚಕ್ರ ತಿರುಗಿಸಿ ಹೊಸ ಗಾಳಿಯನ್ನು ಒಳಕ್ಕೆ ಒತ್ತುತ್ತದೆ. ಬಿಟ್ಟ ಉಸಿರಿನಿಂದಲೇ ಮುಂದಿನ ಉಸಿರು ಎಳೆದುಕೊಳ್ಳುವುದು. ಯಾರಿಗೆ ಹೊಳೆಯಿತೋ ಇದು!

ಮನೆಗೆ ಬಂದಾಗ ಊಟ ಆರಿತ್ತು. ಅಮ್ಮ ಮತ್ತೆ ಬೈದಳು.

ಮಾರ್ಚ್ 6, ಗುರುವಾರ

ದೊಡ್ಡ ಟರ್ಬೊ ಕೂರಿಸಿದ್ದಾರೆ, ಎರಡೂ ಇಂಜಿನ್ನಿಗೆ. ಅದರ ಪಕ್ಕ ಗಾಳಿ ತಣ್ಣಗೆ ಮಾಡುವ ಪೆಟ್ಟಿಗೆಯನ್ನೂ ದೊಡ್ಡದು ಮಾಡಿದ್ದಾರೆ, ಅದರೊಳಗೆ ಸಮುದ್ರದ ನೀರು ಓಡುತ್ತದೆ. ಕೈ ಇಟ್ಟು ನೋಡಿ ಅಂದರು ಚಾಳೀಸು. ಟರ್ಬೊದಿಂದ ಬರುವ ಪೈಪು ಕೈ ಸುಡುತ್ತದೆ, ಪೆಟ್ಟಿಗೆ ದಾಟಿದ ಪೈಪನ್ನು ಆರಾಮಾಗಿ ಹಿಡಿದುಕೊಳ್ಳಬಹುದು. ಬಿಸಿ ಗಾಳಿ ಹಿಗ್ಗಿರುತ್ತದೆ, ಅಷ್ಟೇ ಜಾಗದಲ್ಲಿ ಕಡಿಮೆ ಹಿಡಿಸುತ್ತದೆ. ತಣ್ಣಗಾದರೆ ಒತ್ತಿಕೊಂಡು ಕೂರುತ್ತದೆ, ಬಸ್ಸಿನಲ್ಲಿ ಚಳಿಗೆ ಜನ ಕೂರುವ ಹಾಗೆ.

ನೀರು ಕನ್ನಡಿಯಂತಿತ್ತು. ನಾನು ಜೆಟ್ಟಿಯ ತುದಿಯಲ್ಲಿ ರೇಡಿಯೊ ಹಿಡಿದು ನಿಂತಿದ್ದೆ. ಇಷ್ಟು ದಿನ ಗಂಟೆಗೆ ನೂರ ನಲವತ್ತೆರಡು ಕಿಲೋಮೀಟರ್ ದಾಟದ ಬೋಟು ಇವತ್ತು ನೂರ ಐವತ್ತೊಂದು ಓಡಿತು. ಯಜಮಾನರು ಕೈಗೆ ಸಿಕ್ಕವರ ಬೆನ್ನು ತಟ್ಟಿದರು, ನನ್ನ ಬೆನ್ನಿಗೂ ಕೈ ಬಂತು, ಕಾಲರು ನೋಡಿ ಗಾಳಿಯಲ್ಲೇ ನಿಂತಿತು.

ರೇಡಿಯೊದಲ್ಲಿ ತಂಗಿ ಕಿರುಚಿದಳು, "ಅಕ್ಕಾ, ನೋಡಿದ್ಯಾ?"

ನೋಡಿದೆ. ಖುಷಿಯಾಗಬೇಕಿತ್ತು. ಅರ್ಧ ಆಯಿತು.

ಮಾರ್ಚ್ 15, ಶನಿವಾರ

ಗಾಳಿ, ಅಲೆ. ಒರಟು ನೀರಿನಲ್ಲಿ ಮೊದಲ ಓಟ. ನೂರ ಹದಿನೆಂಟು. ಹಳೆಯ ಟರ್ಬೊದಲ್ಲಿ ಇಂಥದೇ ಅಲೆಯ ಮೇಲೆ ನಾನು ನೂರ ಇಪ್ಪತ್ತನಾಲ್ಕು ಓಡಿಸಿದ್ದೆ. ಶಕ್ತಿ ಹೆಚ್ಚಿದೆ, ವೇಗ ಇಳಿದಿದೆ. ಯಾರಿಗೂ ತಲೆಬುಡ ಅರ್ಥವಾಗಲಿಲ್ಲ.

ದುರ್ಬೀನಿನಲ್ಲಿ ನೋಡುತ್ತಲೇ ಇದ್ದೆ. ಬೋಟು ಹಾರುತ್ತದೆ, ಬೀಳುತ್ತದೆ, ಬಿದ್ದ ಕೂಡಲೇ ಹಿಂದಿನಿಂದ ಒಂದು ಕಪ್ಪು ಹೊಗೆಯ ಉಂಡೆ. ಮತ್ತೆ ಹಾರುತ್ತದೆ, ಮತ್ತೆ ಒಂದು ಉಂಡೆ.

ಯಜಮಾನರು ಎಲ್ಲರ ಎದುರೇ ಅಂದರು, "ಇಂಜಿನ್ ಸರಿ ಇದೆ. ಓಡಿಸೋರಿಗೆ ಅನುಭವ ಸಾಲದು." ಗೊಣಗಪ್ಪ ಅದೇನೋ ಗೊಣಗಿದ, ಯಾರಿಗೂ ಕೇಳಲಿಲ್ಲ. ನಾನು ದುರ್ಬೀನು ಇಳಿಸಲೇ ಇಲ್ಲ.

ಮನೆಗೆ ತಂಗಿಯೇ ಕಾರು ಓಡಿಸಿದಳು. ಸಿಗ್ನಲ್ಲಿನಲ್ಲಿ ನಿಂತಾಗ ಮುಂದೆ ನೋಡುತ್ತಲೇ ಕೇಳಿದಳು.

"ನಿನಗೆ ಖುಷಿ ಆಯ್ತಲ್ವಾ?"

"ಏನೇ ಹಾಗಂದ್ರೆ?"

"ಹಾಗಂದ್ರೆ ಹಾಗೇ. ಅವರು ನನ್ನ ಬಯ್ಯೋವಾಗ ನೀನು ಸಮುದ್ರ ನೋಡ್ತಾ ಇದ್ದೆ. ಒಂದು ಮಾತು ಆಡಲಿಲ್ಲ. ನಾನೇನು ನಿನ್ನ ಸೀಟು ಕೇಳ್ಕೊಂಡು ಹೋಗಿದ್ನಾ? ಪ್ರತಿ ಸಲ ಬೋಟು ಹಾರಿದಾಗ ನನಗೆ ನಿನ್ನ ಕತ್ತು ಕಣ್ಮುಂದೆ ಬರುತ್ತೆ. ಗೊತ್ತಾ ನಿನಗೆ?"

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಹಸಿರು ದೀಪ ಬಂದಿತ್ತು.

ನಿಜವಾಗಿ ನನ್ನ ಕಣ್ಣಲ್ಲಿ ಇನ್ನೂ ಆ ಹೊಗೆಯ ಉಂಡೆಗಳೇ ಇದ್ದವು, ಸಮುದ್ರವಲ್ಲ. ಆದರೆ ಖುಷಿ ಆಗಿರಲಿಲ್ಲ ಅಂತ ಹೇಳಲು ನಾಲಿಗೆ ಏಳಲಿಲ್ಲ.

ಮಾರ್ಚ್ 16, ಭಾನುವಾರ

ತಂಗಿ ಬರಲಿಲ್ಲ. ಅಮ್ಮ ಏನೂ ಕೇಳಲಿಲ್ಲ, ಅಂದರೆ ಅವಳಿಗೆ ಎಲ್ಲ ಗೊತ್ತು.

ಮಾರ್ಚ್ 18, ಮಂಗಳವಾರ

ಸಿಕ್ಕಿತು! ಬರೆಯಲು ಕೈ ಓಡುತ್ತಿಲ್ಲ.

ಬೆಳಿಗ್ಗೆ ಅಮ್ಮ ತಲೆಗೆ ನೀರು ಹಾಕುತ್ತಿದ್ದಳು. ಕ್ಯಾನು ಖಾಲಿಯಾಯಿತು, ತುಂಬಿಸಿಕೊಂಡು ಬರಲು ಹೋದಳು. ಕಣ್ಣಲ್ಲಿ ಸೋಪು, ನೀರಿಲ್ಲ, ಕಾಯುತ್ತಾ ಕೂತಿದ್ದೆ. ಆಗ ಹೊಳೆಯಿತು. ಕಪ್ಪು ಹೊಗೆ ಅಂದರೆ ಡೀಸೆಲ್ ಇದೆ, ಗಾಳಿ ಇಲ್ಲ. ಬೋಟು ಬಿದ್ದಾಗಲೆಲ್ಲ ಇಂಜಿನ್ ಗಾಳಿಗಾಗಿ ಕಾಯುತ್ತಿದೆ!

ಒದ್ದೆ ತಲೆಯಲ್ಲೇ ಶೆಡ್ಡಿಗೆ ಹೋದೆ. ಚಾಳೀಸು ಮುಂದೆ ಕೂತು ಒಂದೊಂದೇ ಹೇಳಿದೆ. ಅಲೆಯಿಂದ ಹಾರಿದಾಗ ಪ್ರೊಪೆಲ್ಲರು ನೀರಿನಿಂದ ಆಚೆ ಬರುತ್ತದೆ. ತಿರುಗಿಸಲು ಭಾರವೇ ಇಲ್ಲ, ಇಂಜಿನ್ ಹುಚ್ಚು ಹಿಡಿದ ಹಾಗೆ ತಿರುಗುತ್ತದೆ. ಸಿಡಿದು ಹೋಗಬಾರದು ಅಂತ ಗೊಣಗಪ್ಪ ಲಿವರು ಎಳೆಯುತ್ತಾನೆ. ಎಳೆದರೆ ಹೊಗೆ ಕಡಿಮೆ, ಹೊಗೆ ಕಡಿಮೆಯಾದರೆ ಟರ್ಬೊ ನಿಧಾನ. ನೀರಿಗೆ ಬಿದ್ದ ಕೂಡಲೇ ಮತ್ತೆ ಒತ್ತುತ್ತಾನೆ. ಡೀಸೆಲ್ ಬರುತ್ತದೆ, ಆದರೆ ದೊಡ್ಡ ಟರ್ಬೊ ಭಾರದ್ದು, ಮತ್ತೆ ವೇಗಕ್ಕೆ ಬರುವಷ್ಟರಲ್ಲಿ ಮುಂದಿನ ಅಲೆ ಬಂದುಬಿಟ್ಟಿರುತ್ತದೆ.

ಅವರು ಕಂಪ್ಯೂಟರಿನಲ್ಲಿ ಶನಿವಾರದ ಓಟದಲ್ಲಿ ಟರ್ಬೊ ತುಂಬಿದ ಗಾಳಿಯ ಒತ್ತಡದ ಗ್ರಾಫ್ ತೆಗೆದರು. ಗರಗಸದ ಹಲ್ಲಿನ ಹಾಗೆ ಏರಿ ಇಳಿದು, ಏರಿ ಇಳಿದು.

"ಇದು ನನ್ನ ಕಣ್ಣೆದುರೇ ಇತ್ತಲ್ಲ ಮೂರು ದಿನದಿಂದ," ಅಂದರು. "ನಾನು ಮೇಲಿನ ತುದಿ ಎಷ್ಟು ಅಂತ ಮಾತ್ರ ನೋಡಿದೆ."

"ನಾನು ಹೊಗೆ ಮಾತ್ರ ನೋಡಿದೆ ಸಾರ್."

ಇಬ್ಬರೂ ನಕ್ಕೆವು. ಕತ್ತು ನೋಯಿತು, ನೋಯಲಿ.

ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದೆ. "ನಿನ್ನ ತಪ್ಪಲ್ಲ ಕಣೇ. ಟರ್ಬೊದ್ದು. ಯಜಮಾನ್ರಿಗೂ ಹೇಳಿದೀನಿ." ಅವಳು "ಪೂರ್ತಿ ಹೇಳು, ಮೊದಲಿಂದ," ಅಂದಳು. ಹೇಳಿದೆ. ಅವಳು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಅವನ್ನೆಲ್ಲ ಚಾಳೀಸು ಸಾರಿಗೆ ದಾಟಿಸಿದೆ.

ಮಾರ್ಚ್ 27, ಗುರುವಾರ

ಸಣ್ಣ ಟರ್ಬೊ ಹಾಕಿದರೆ ತಕ್ಷಣ ತಿರುಗುತ್ತದೆ, ಆದರೆ ಸಮ ನೀರಿನಲ್ಲಿ ಮೇಲಿನ ವೇಗ ಸಿಗುವುದಿಲ್ಲ. ದೊಡ್ಡದು ಹಾಕಿದರೆ ಅದರ ತಿರುಗುಮುರುಗು. ಎರಡನ್ನೂ ಹಾಕಿ ಅಂದೆ. ಬಿದ್ದ ಕೂಡಲೇ ಸಣ್ಣದು ಗಾಳಿ ಕೊಡಲಿ, ಅಷ್ಟರಲ್ಲಿ ದೊಡ್ಡದು ಏಳಲಿ. "ಹಾಗೆ ಮಾಡೋದಿದೆ," ಅಂದರು ಚಾಳೀಸು, "ಆದ್ರೆ ಜಾಗ ಎಲ್ಲಿದೆ? ತೂಕ ಎಲ್ಲಿಗೆ ಹಾಕೋಣ?"

ತೂಕವೆಲ್ಲ ಹಿಂದಕ್ಕೆ ಬಂದರೆ ಬೋಟಿನ ಮೂತಿ ಆಕಾಶ ನೋಡುತ್ತದೆ. ಸರಿದೂಗಿಸಲು ಬ್ಯಾಟರಿಗಳನ್ನು ಮುಂದಕ್ಕೆ ಒಯ್ಯಬೇಕು. ಅಲ್ಲಿಗೆ ಬಂದು ನಾನು ನಿಂತುಬಿಟ್ಟೆ. ಮುಂದೆ ಭಾರವಾದರೆ ಮೂತಿ ನೀರಿಗೆ ನುಗ್ಗುತ್ತದೆ. ಅಲ್ಲಿ ಕೂರುವುದು ತಂಗಿ.

"ಅವತ್ತು ಯಾಕೆ ನುಗ್ಗಿತು?" ಅಂತ ಕೇಳಿದರು ಅವರು, ಮೆತ್ತಗೆ. ಇಷ್ಟು ದಿನ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಗೊತ್ತಿಲ್ಲ ಅಂದೆ. ಮನೆಗೆ ಬಂದೆ.

ಏಪ್ರಿಲ್ 3, ಗುರುವಾರ

ಅದನ್ನೇ ಯೋಚಿಸುತ್ತಿದ್ದೇನೆ. ಮೊದಮೊದಲು ನೆನೆಸಿಕೊಂಡರೆ ಅಂಗೈ ಬೆವರುತ್ತಿತ್ತು. ಈಗಲೂ ಬೆವರುತ್ತದೆ, ಆದರೆ ಬೆವರು ಒರೆಸಿಕೊಂಡು ಮತ್ತೆ ನೆನೆಸಿಕೊಳ್ಳುತ್ತೇನೆ.

ಹತ್ತಿದೆವು. ಹಾರಿದೆವು. ಇಳಿಯುವಾಗ ಪ್ರೊಪೆಲ್ಲರು ನೀರು ಮುಟ್ಟಿದ ಕೂಡಲೇ ಸಾಮಾನ್ಯವಾಗಿ ಬೆನ್ನಿಗೆ ಸೀಟು ಒತ್ತುತ್ತದೆ, ಯಾರೋ ಹಿಂದಿನಿಂದ ನೂಕಿದ ಹಾಗೆ. ಅವತ್ತು ಆ ಒತ್ತು ಇರಲಿಲ್ಲ. ಬೆನ್ನಿಗೂ ಸೀಟಿಗೂ ನಡುವೆ ಒಂದು ಬೆರಳು ಖಾಲಿ. ಹಿಂದಿನ ನೂಕು ಇದ್ದರೆ ಮೂತಿ ಎತ್ತಿ ಹಿಡಿಯುತ್ತದೆ, ಇಲ್ಲದಿದ್ದರೆ ಕಲ್ಲಿನ ಹಾಗೆ ಬೀಳುತ್ತದೆ. ಹಳೆಯ ಟರ್ಬೊಗೂ ಈ ಕಾಯಿಸುವ ಚಾಳಿ ಇತ್ತು, ಸ್ವಲ್ಪ ಕಡಿಮೆ ಅಷ್ಟೆ. ಅವತ್ತಿನ ಅಲೆ ಅದಕ್ಕೂ ಹೆಚ್ಚಾಯಿತು.

ಅಂದರೆ ವೇಗ ಕೊಲ್ಲುತ್ತಿರುವುದೂ ಅದೇ, ಮೂತಿ ಬೀಳಿಸುತ್ತಿರುವುದೂ ಅದೇ. ಒಂದನ್ನು ಸರಿಮಾಡಿದರೆ ಇನ್ನೊಂದೂ ಸರಿಹೋಗುತ್ತದೆ.

ಮಧ್ಯಾಹ್ನ ಇದನ್ನು ಹೇಳುವಾಗ ಗೊಣಗಪ್ಪನೂ ಇದ್ದ. ನಾನು ಉತ್ಸಾಹದಲ್ಲಿ ಕೈ ಬೀಸಿ ಬೀಸಿ ಹೇಳುತ್ತಿದ್ದೆ. ಅವನು ಎದ್ದು ಆಚೆ ಹೋದ. ಹೋಗಿ ನೋಡಿದರೆ ಕ್ರೇನಿನ ನೆರಳಿನಲ್ಲಿ ಕೂತು ಒಂದೇ ಬೋಲ್ಟನ್ನು ಒರೆಸುತ್ತಿದ್ದಾನೆ.

"ಲಿವರು ಎಳೆದೋನು ನಾನು," ಅಂದ. ಇಷ್ಟು ವರ್ಷದಲ್ಲಿ ಅವನು ಗೊಣಗದೆ ಆಡಿದ ಮೊದಲ ಮಾತು.

"ಎಳೀದಿದ್ರೆ ಇಂಜಿನ್ ಸಿಡಿದು ಇಬ್ಬರೂ ಹೋಗ್ತಿದ್ವಿ ಕಣೋ."

"ಅದು ಬೇರೆ ಮಾತು."

"ಅದೇ ಮಾತು. ನೀನು ಎಳೆದಿದ್ದೂ ಸರಿ, ಒತ್ತಿದ್ದೂ ಸರಿ. ನೀನು ಒತ್ತಿದ ಮೇಲೆ ಬರಬೇಕಾದ ಗಾಳಿ ಬರಲಿಲ್ಲ. ಅಷ್ಟೇ. ನಿನ್ನ ಕೈ ಸೋತಿಲ್ಲ. ಒಳಗೆ ಬಾ, ಕಾಫಿ ಆರ್ತಾ ಇದೆ."

ಅವನು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ, "ಆ ಕಾಫಿ ಬಿಸಿ ಇದ್ರೂ ಅಷ್ಟೇ, ಆರಿದ್ರೂ ಅಷ್ಟೇ," ಅಂತ ಗೊಣಗಿದ. ನನ್ನ ಜೀವಕ್ಕೆ ಸಮಾಧಾನವಾಯಿತು.

ಏಪ್ರಿಲ್ 12, ಶನಿವಾರ

ಸಣ್ಣದು, ದೊಡ್ಡದು, ಎರಡೂ ಕೂತವು. ಜಾಗ ಸಾಲದೆ ಎಣ್ಣೆಯ ಫಿಲ್ಟರುಗಳನ್ನು ಇಂಜಿನ್ ಗುಂಡಿಯ ಗೋಡೆಗೆ ಎತ್ತಿ ಕಟ್ಟಿದ್ದೇವೆ. ಬ್ಯಾಟರಿ ಎಲ್ಲಿಡುವುದು ಅಂತ ತಂಗಿಯನ್ನು ಕೇಳಿದೆ. ಬೋಟಿನಲ್ಲಿ ಕೂರುವವಳು ಅವಳು, ಅವಳ ಸೊಂಟಕ್ಕೆ ಗೊತ್ತಾಗುತ್ತದೆ. ಅವಳು ಮೂರು ಜಾಗದಲ್ಲಿ ಇಡಿಸಿ ಮೂರು ಸಲ ಓಡಿಸಿ ನೋಡಿ, "ನಡುವಿನದು," ಅಂದಳು. ನಾನಾಗಿದ್ದರೆ ಇನ್ನೂ ಹಿಂದೆ ಇಡುತ್ತಿದ್ದೆ. ಅವಳು ಹೇಳಿದ್ದೇ ಸರಿ, ಗ್ರಾಫೂ ಹಾಗೇ ಅನ್ನುತ್ತದೆ.

ಏಪ್ರಿಲ್ 22, ಮಂಗಳವಾರ

ಕಾಲರು ತೆಗೆದರು. ಕತ್ತು ಕೋಳಿಯ ಕತ್ತಿನ ಹಾಗೆ ಕಾಣುತ್ತದೆ ಅಂದಳು ಅಮ್ಮ.

ಆಸ್ಪತ್ರೆಯಿಂದ ನೇರ ಶೆಡ್ಡಿಗೆ. ಕನ್ನಡಿ ಇಲ್ಲದೆ ಇಂಜಿನ್ ನೋಡಿದೆ. ಎಡಗಡೆಯದು ಎಡಗಡೆಯೇ ಇದೆ!

ಹೊಸ ತೊಂದರೆ. ಶಕ್ತಿ ಬಂದಿದೆ, ಆದರೆ ಇಂಜಿನ್ ತಿರುಗಬೇಕಾದಷ್ಟು ವೇಗವಾಗಿ ತಿರುಗುತ್ತಲೇ ಇಲ್ಲ, ಏದುಸಿರು ಬಿಡುತ್ತದೆ. ಪ್ರೊಪೆಲ್ಲರಿನ ರೆಕ್ಕೆ ಒಂದೊಂದು ಸುತ್ತಿನಲ್ಲೂ ತುಂಬ ನೀರು ಕಚ್ಚುತ್ತಿದೆ. ಸೈಕಲ್ಲಿನಲ್ಲಿ ಭಾರದ ಗೇರು ಹಾಕಿ ದಿಣ್ಣೆ ಹತ್ತುವ ಹಾಗೆ. ಪ್ರೊಪೆಲ್ಲರ್ ತಿದ್ದುವವರ ಅಂಗಡಿಗೆ ಒಯ್ದೆವು. ಅಲ್ಲಿನ ಯಜಮಾನಿ ರೆಕ್ಕೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ, ಒತ್ತುಯಂತ್ರದ ಕೆಳಗಿಟ್ಟು ರೆಕ್ಕೆಯ ಓರೆಯನ್ನು ಒಂದಿಷ್ಟು ತಗ್ಗಿಸಿದಳು. ಕಡಿಮೆ ಕಚ್ಚಿದರೆ ಹೆಚ್ಚು ಓಡುತ್ತದೆ ಅನ್ನುವುದು ನಂಬಲು ಕಷ್ಟ. "ನಾನೂ ನಂಬಲ್ಲ," ಅಂದಳು ಅವಳು, "ನೀರಲ್ಲಿ ಹಾಕಿ ನೋಡ್ತೀನಿ, ಅಷ್ಟೇ."

ಮೇ 3, ಶನಿವಾರ

ಸಮ ನೀರಿನಲ್ಲಿ ನೂರ ಐವತ್ತಾರು. ಅಲೆಯಲ್ಲಿ ನೂರ ಮೂವತ್ತೊಂದು. ಹೊಗೆಯ ಉಂಡೆ ಇಲ್ಲವೇ ಇಲ್ಲ ಅನ್ನಲಾರೆ, ಗೋಲಿಯಷ್ಟಕ್ಕೆ ಇಳಿದಿದೆ.

ತಂಗಿ ಇಳಿದು ಬಂದವಳೇ ನನ್ನ ತೋಳು ಹಿಡಿದಳು. "ಬೆನ್ನಿಗೆ ಒತ್ತು ಅಂದಿದ್ಯಲ್ಲ, ಈಗ ಇದೆ ಅಕ್ಕಾ. ಇಳಿಯೋವಾಗ ಪೂರ್ತಿ ಇದೆ."

ಅವಳನ್ನು ಕೂರಿಸಿಕೊಂಡು ಯಾವ ಅಲೆಯಲ್ಲಿ ಹೇಗೆ, ಎಷ್ಟು ಹೊತ್ತು, ಎಡಕ್ಕೆ ವಾಲಿದಾಗ ಹೇಗೆ ಅಂತೆಲ್ಲ ಕೇಳಿದೆ. ಕೊನೆಗೆ ಅವಳೇ, "ನನಗೆ ಸ್ನಾನ ಮಾಡೋಕಾದ್ರೂ ಬಿಡ್ತೀಯಾ?" ಅಂದಳು.

ಮೇ 15, ಗುರುವಾರ

ಎಡ ಇಂಜಿನ್ನಿನ ಹೊಗೆ ಬಲದ್ದಕ್ಕಿಂತ ಬಿಸಿ. ಮೊನ್ನೆಯಿಂದ ಇದೇ ತಲೆಯಲ್ಲಿ. ಟರ್ಬೊ ಸರಿ ಇದೆ, ಡೀಸೆಲ್ ಸಿಂಪಡಿಸುವ ನಳಿಗೆಗಳು ಸರಿ ಇವೆ. ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗಬೇಕಾಯಿತು, ಒಂದು ಗಂಟೆ ಹಾಳು. ಮೂಳೆ ಚೆನ್ನಾಗಿ ಕೂಡಿದೆಯಂತೆ, ಓಡಿಸಬಹುದಂತೆ. ಅಲ್ಲಿಂದ ಬರುವಷ್ಟರಲ್ಲಿ ಚಾಳೀಸು ಎಡಗಡೆಯ ಗಾಳಿ ತಣಿಸುವ ಪೆಟ್ಟಿಗೆ ಬಿಚ್ಚಿದ್ದರು. ಒಳಗೆ ಸಮುದ್ರದ ಪಾಚಿ, ಚಿಪ್ಪಿನ ಚೂರು, ಅರ್ಧ ನಾಳಗಳು ಕಟ್ಟಿಕೊಂಡಿವೆ. ಗಾಳಿ ತಣ್ಣಗಾಗುವುದಾದರೂ ಹೇಗೆ!

ನಾಳಗಳಲ್ಲಿ ಬ್ರಷ್ಷು ಆಡಿಸುತ್ತಿದ್ದಾಗ ಯಜಮಾನರು ಬಂದು ಹಿಂದೆ ನಿಂತರು. "ಡಾಕ್ಟರು ಫೋನ್ ಮಾಡಿದ್ರು. ಸ್ಪರ್ಧೆಗೆ ನೀವೇ ಕೂರಬಹುದು. ನಿಮ್ಮ ತಂಗೀನೂ ಒಪ್ಪಿದಾಳೆ." ತಂಗಿ ಅವರ ಹಿಂದೆ, ಹೆಲ್ಮೆಟ್ಟು ಎದೆಗೆ ಒತ್ತಿಕೊಂಡು ನಿಂತಿದ್ದಳು. "ತಗೋ ಅಕ್ಕಾ," ಅಂದಳು. "ನಿನ್ನದೇ."

ಕೈಯೆಲ್ಲ ಪಾಚಿ, ಹೇಗೆ ತಗೊಳ್ಳುವುದು. "ಅವಳೇ ಓಡಿಸಲಿ ಸಾರ್, ಈ ಇಂಜಿನ್ನಿಗೆ ಅವಳ ಸೊಂಟ ಹೊಂದಿಕೊಂಡಿದೆ. ನಂಗೆ ಇಲ್ಲಿ ಇನ್ನೂ ಬಲಗಡೆ ಪೆಟ್ಟಿಗೆ ಬಿಚ್ಚೋದಿದೆ," ಅಂದೆ. ಬಲದ್ದರಲ್ಲೂ ಚಿಪ್ಪಿತ್ತು, ಎಡದ ಅರ್ಧದಷ್ಟು. ನೀರು ಎಳೆಯುವ ಬಾಯಿಗೆ ಸಣ್ಣ ಜಾಲರಿ ಹಾಕಿದೆವು.

ಮನೆಯಲ್ಲಿ ಅಮ್ಮ ಕೇಳಿದಳು, "ಸೀಟು ಬೇಡ ಅಂದ್ಯಂತೆ?"

"ಬೇಡ ಎಲ್ಲಿ ಅಂದೆ? ಪುರುಸೊತ್ತಿಲ್ಲ ಅಂದೆ."

ಅಮ್ಮ ನನ್ನನ್ನೇ ನೋಡುತ್ತಾ ನಿಂತಳು. ಮುಖಕ್ಕೆ ಗ್ರೀಸು ಅಂಟಿತ್ತೋ ಏನೋ.

ಮೇ 24, ಶನಿವಾರ

ಸ್ಪರ್ಧೆ ಮುಗಿಯಿತು. ಗಂಟಲು ಹೋಗಿದೆ, ಬರೆಯುವುದು ಇನ್ನೂ ಬರುತ್ತದೆ.

ಅಲೆ ಚೆನ್ನಾಗಿಯೇ ಇತ್ತು. ಹೊರಟಾಗ ಪೆಟ್ರೋಲಿನವರು ಬಾಣದ ಹಾಗೆ ಹೋದರು, ನಮ್ಮದು ಐದನೆಯದು. ದ್ವೀಪದ ಹಿಂದೆ ಹೋದ ಮೇಲೆ ಬೋಟೂ ಕಾಣುವುದಿಲ್ಲ, ರೇಡಿಯೊವೂ ಕೇಳುವುದಿಲ್ಲ. ಗುಡ್ಡ ಅಡ್ಡ. ಓಡಿಸುವಾಗ ಆ ಭಾಗ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ದಡದಲ್ಲಿ ನಿಂತವರಿಗೆ ಅದು ಎಷ್ಟು ಉದ್ದ ಅಂತ ಇವತ್ತು ತಿಳಿಯಿತು. ಅಮ್ಮ ಜೆಟ್ಟಿಯ ಕಟಕಟೆ ಹಿಡಿದು ನಿಂತಿದ್ದಳು. "ನೀನು ಹೋದಾಗಲೆಲ್ಲ ನಾನು ಇಲ್ಲೇ ನಿಲ್ತಿದ್ದೆ," ಅಂದಳು. ನಾನು ಅವಳ ಪಕ್ಕದಲ್ಲೇ ಕಟಕಟೆ ಹಿಡಿದೆ.

ಬೋಟು ಕಾಣುವ ಮೊದಲು ಸದ್ದು ಬಂತು. ಕಣ್ಣು ಮುಚ್ಚಿ ಕೇಳಿದೆ. ಏರುತ್ತದೆ, ಹಾರುತ್ತದೆ, ಇಳಿಯುತ್ತದೆ, ಇಳಿದ ಕೂಡಲೇ ಹಿಡಿದುಕೊಳ್ಳುತ್ತದೆ. ಎರಡೂ ಇಂಜಿನ್ ಚೆನ್ನಾಗಿವೆ. "ಬಂದಳು ಅಮ್ಮ, ಸರಿಯಾಗಿದ್ದಾಳೆ," ಅಂದೆ. ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಾ, "ಎಲ್ಲೇ? ಏನೂ ಕಾಣ್ತಿಲ್ವಲ್ಲೇ," ಅಂದಳು. ಆಮೇಲೆ ಗುಡ್ಡದ ಮೂಲೆಯಿಂದ ಬಂದರು, ಎಲ್ಲರಿಗಿಂತ ಮುಂದೆ!

ನಾವೆಲ್ಲ ಕಿರುಚಿದೆವು. ಯಜಮಾನರು ಟೋಪಿ ಎಸೆದರು, ಅದು ನೀರಿಗೆ ಬಿತ್ತು. ಆದರೆ ಕೊನೆಯ ಉದ್ದ ದಾರಿಯಲ್ಲಿ ನಮ್ಮ ವೇಗ ಇಳಿಯುತ್ತಾ ಬಂತು. ಹೊಗೆ ಇಲ್ಲ, ಸದ್ದಿನಲ್ಲಿ ತಪ್ಪಿಲ್ಲ, ಸುಮ್ಮನೆ ಒಂದಿಷ್ಟು ಒಂದಿಷ್ಟೇ ಕಡಿಮೆ. ಒಂದು ಪೆಟ್ರೋಲ್ ಬೋಟು ಪಕ್ಕಕ್ಕೆ ಬಂತು, ಮೂತಿಯಷ್ಟು ಮುಂದಾಯಿತು, ಗೆರೆ ದಾಟಿತು.

ಎರಡನೆಯ ಸ್ಥಾನ. ಡೀಸೆಲ್ ಬೋಟೊಂದು ಇಲ್ಲಿ ಇಷ್ಟು ಮುಂದೆ ಬಂದದ್ದೇ ಇಲ್ಲವಂತೆ. "ಇಂಜಿನ್ ಮಾರೋ ಮಾತು ಇನ್ನು ಯಾರೂ ಎತ್ತಬೇಡಿ," ಅಂದರು ಯಜಮಾನರು, ಆ ಮಾತು ನಾವೇ ಎತ್ತಿದ್ದೇವೇನೋ ಅನ್ನುವ ಹಾಗೆ. ತಂಗಿ ಜೆಟ್ಟಿಗೆ ಹತ್ತಿ ಬಂದಳು. ಅಮ್ಮ ಅವಳ ಹೆಲ್ಮೆಟ್ಟು ಬಿಚ್ಚಿ ತಲೆ ಸವರಿದಳು. ನಾನು ಅವಳನ್ನು ತಬ್ಬಿಕೊಂಡೆ, ಉಪ್ಪು ನೀರು, ಬೆವರು, ಅಳು ಎಲ್ಲ ಒಟ್ಟಿಗೆ. ಫೋಟೊ ತೆಗೆಯುವವರು ಎಲ್ಲರನ್ನೂ ಕರೆದರು.

ನನಗೆ ಮಾತ್ರ ಕೊನೆಯ ಆ ದಾರಿ ಬಿಡುತ್ತಿಲ್ಲ. ಯಾಕೆ ಇಳಿಯಿತು ವೇಗ? ಚಾಳೀಸು ಕಡೆ ನೋಡಿದೆ. ಅವರೂ ನನ್ನ ಕಡೆಯೇ ನೋಡುತ್ತಿದ್ದರು. ಇಬ್ಬರೂ ಮೆಲ್ಲಗೆ ಬೋಟಿಗೆ ಇಳಿದೆವು. ಟರ್ಬೊ ನೋಡಿದೆವು, ಜಾಲರಿ ನೋಡಿದೆವು, ಎಲ್ಲ ಚೊಕ್ಕ. ಹಿಂದಕ್ಕೆ ಬರುವಾಗ ಎದ್ದೇಳಲು ಆಸರೆಗೆ ಡೀಸೆಲ್ ಟ್ಯಾಂಕಿನ ಮೇಲೆ ಕೈ ಊರಿದೆ. ಬಿಸಿ.

"ಸಾರ್, ಇಲ್ಲಿ ಕೈ ಇಡಿ."

ಇಟ್ಟರು. ಕನ್ನಡಕ ಮೇಲಕ್ಕೆ ತಳ್ಳಿಕೊಂಡರು. ಇಂಜಿನ್ನಿನಲ್ಲಿ ಉಳಿದ ಡೀಸೆಲ್ ಬಿಸಿಯಾಗಿ ಟ್ಯಾಂಕಿಗೇ ವಾಪಸು ಬರುತ್ತದೆ. ಟ್ಯಾಂಕು ತುಂಬಿದ್ದಾಗ ಗೊತ್ತಾಗುವುದಿಲ್ಲ, ಖಾಲಿಯಾಗುತ್ತಾ ಬಂದ ಹಾಗೆ...

"ಎಲ್ಲಿ ಹೋದ್ರಿ ಇಬ್ಬರೂ? ಫೋಟೊಗೆ ಕರೀತಿದಾರೆ," ಅಂತ ತಂಗಿ ಮೇಲಿನಿಂದ ಬಗ್ಗಿದಳು. ನಾವು ಟ್ಯಾಂಕು ತಬ್ಬಿಕೊಂಡು ಕೂತಿದ್ದನ್ನು ನೋಡಿ ಅವಳೂ ಕೆಳಗಿಳಿದಳು, ಕೈ ಇಟ್ಟಳು. ಅವಳ ಹಿಂದೆ ಗೊಣಗಪ್ಪ, "ಇಷ್ಟು ಇಕ್ಕಟ್ಟಲ್ಲಿ ಏನು ಮಾಡ್ತಿದೀರೋ," ಅಂತ ಗೊಣಗುತ್ತಲೇ ತನ್ನ ಕೈಯನ್ನೂ ಇಟ್ಟ.

"ಗಾಳಿ ಬಿಸಿಯಾದ್ರೆ ಹಿಗ್ಗುತ್ತೆ ಅಂದಿದ್ಯಲ್ಲ ಅಕ್ಕಾ," ಅಂದಳು ತಂಗಿ. "ಹಾಗಾದ್ರೆ ಡೀಸೆಲ್ಲೂ ಹಿಗ್ಗಿ, ಇಂಜಿನ್ನಿಗೆ ಒಂದೊಂದು ಸಲಕ್ಕೆ ಕಡಿಮೆ ಹೋಗುತ್ತಾ?"

ಮೇಲೆ ಬ್ಯಾಂಡು ಬಾರಿಸುತ್ತಿದ್ದರು. ನಾಲ್ಕು ಜನ ಟ್ಯಾಂಕಿನ ಮೇಲೆ ಕೈ ಇಟ್ಟುಕೊಂಡು, ಅದು ಎಷ್ಟು ಬೇಗ ಆರುತ್ತದೆ ಅಂತ ನೋಡುತ್ತಾ ಕೂತೆವು.